ಅಕ್ಕನಿಗಾಗಿ ಸಭೆಗೆ ಬಾರದವರು

ಅಂಪಾರೋ ವೆಲಾರ್ದೆ ತನ್ನ ಆಯುಸ್ಸಿನಲ್ಲಿ ನಾಲ್ಕು ಸಭೆಗಳನ್ನು ಕಟ್ಟಿದಳು. ಒಂದರಲ್ಲೂ ಪಾಸ್ಟರ್ ಅನ್ನಿಸಿಕೊಳ್ಳಲಿಲ್ಲ. ಇದರಲ್ಲಿ ಯಾರ ಮೋಸವೂ ಇರಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ನಿಯಮದ ಪ್ರಕಾರ ನಡೆದದ್ದಕ್ಕೆ ಅಳುವುದು ಬಹಳ ಕಷ್ಟ. ಯಾರ ಹೆಸರು ಹಿಡಿದು ಅಳಬೇಕೆಂದು ತಿಳಿಯುವುದಿಲ್ಲ.

ನಿಯಮ ಇಷ್ಟೇ. ಅವಳ ಪಂಗಡದ ತುಂಬ ಕ್ಯಾಲಿಫೋರ್ನಿಯಾದ ಕಣಿವೆಯಲ್ಲಿ ದ್ರಾಕ್ಷಿ, ಕಿತ್ತಳೆ, ಹತ್ತಿ ಬಿಡಿಸುವ ಮೆಕ್ಸಿಕೋ ಮೂಲದ ಕೂಲಿಗಳೇ ಇದ್ದರು. ಆ ಪಂಗಡದಲ್ಲಿ ಒಂದು ಸಭೆಗೆ ದೀಕ್ಷಾಸ್ನಾನವಾದ ದೊಡ್ಡವರು ಐವತ್ತು ಜನ ಸೇರುವತನಕ ಅದು ಬರೀ ‘ಮಿಷನ್’. ಮಿಷನ್ನನ್ನು ಹೆಂಗಸು ನಡೆಸಬಹುದು. ಬಾಗಿಲು ಬಾಗಿಲು ತಟ್ಟುವುದು, ಜ್ವರದವರ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು, ಕುಡಿದು ಬಿದ್ದ ಗಂಡಂದಿರನ್ನು ಹೊಲದ ಬದುವಿನಿಂದ ಎತ್ತಿ ತರುವುದು, ಹೆಣಕ್ಕೆ ಬಟ್ಟೆ ತೊಡಿಸುವುದು, ಇಂಥದಕ್ಕೆಲ್ಲ ಹೆಂಗಸಿನ ಮೇಲೆ ಹಿರಿಯರಿಗೆ ಪೂರ್ಣ ವಿಶ್ವಾಸ. ಐವತ್ತು ತುಂಬಿದ ದಿನ ಅದು ‘ಚರ್ಚು’. ಚರ್ಚಿಗೆ ಪಾಸ್ಟರ್ ಬೇಕು. ಪಾಸ್ಟರ್ ಗಂಡಸಾಗಿರಬೇಕು. ಅಷ್ಟೇ ಅಲ್ಲ, ಹೊಸಬನಿಗೆ ಮುಜುಗರವಾಗದಂತೆ ಕಟ್ಟಿದವಳು ಆ ಊರು ಬಿಡಬೇಕು. ಹೊಸ ಪಾಸ್ಟರ್ ಕರೆಯದೆ ಮತ್ತೆ ಅಲ್ಲಿ ಕಾಲಿಡಬಾರದು.

ಮೊದಲನೆಯ ಸಭೆ ಅಲ್ಕಾಂತೆಯ ಕೂಲಿ ಶಿಬಿರದಲ್ಲಿ. ಹತ್ತಿ ಹೊಲದಲ್ಲಿ ಬಿಸಿಲಿಗೆ ಬಿದ್ದು ಸತ್ತವನೊಬ್ಬನನ್ನು ಹೂಳುವುದಕ್ಕೆ ಹಿಂದುಮುಂದಿನವರು ಯಾರೂ ಇರಲಿಲ್ಲ. ಅಂಪಾರೋ ತಲೆಗೆ ಬಟ್ಟೆ ಬಿಗಿದು ಗುದ್ದಲಿ ಹಿಡಿದಳು. ಅವಳನ್ನು ನೋಡಿ ನಾಚಿ ಮಣ್ಣೆಳೆಯಲು ಬಂದ ನಾಲ್ಕು ಗಂಡಸರೇ ಮುಂದಿನ ಭಾನುವಾರ ಪ್ರಾರ್ಥನೆಗೂ ಬಂದರು. ಎರಡನೆಯದು ರಿಯೋ ಸೇಕೋದಲ್ಲಿ, ದ್ರಾಕ್ಷಿತೋಟದ ಹೆಂಗಸರಿಗೆ ಕಕ್ಕಸು ಬೇಕೆಂದು ಹೂಡಿದ ಜಗಳದಲ್ಲಿ ಹುಟ್ಟಿತು. ಮೂರನೆಯದು ಸಾನ್ ಎಲಾದಿಯೋದಲ್ಲಿ, ವಲಸೆ ಪೊಲೀಸರು ಹಿಡಿದೊಯ್ದವರ ಮಕ್ಕಳಿಗೆ ಊಟ ಹಾಕುತ್ತ ಹಾಕುತ್ತ ಆದದ್ದು. ಅವಳ ಪದ್ಧತಿ ಎಲ್ಲ ಕಡೆಯೂ ಒಂದೇ: ದೇವರಿಗೊಂದು ಪ್ರಾರ್ಥನೆ, ಸರ್ಕಾರಕ್ಕೊಂದು ಅರ್ಜಿ. ಎರಡರಲ್ಲಿ ಯಾವುದಕ್ಕೆ ಮೊದಲು ಉತ್ತರ ಬರುತ್ತದೆಂದು ಅವಳು ಪಂಥ ಕಟ್ಟುತ್ತಿರಲಿಲ್ಲ.

ಗಂಡ ನಿಯೆವೆಸ್ ಎರಡನೆಯ ಸಭೆಯ ಹೊತ್ತಿಗೇ, “ನಿನ್ನ ದೇವರಿಗೆ ಮೂರು ಹೊತ್ತೂ ನೀನೇ ಬೇಕು. ನನಗೆ ರಾತ್ರಿ ಊಟಕ್ಕಾದರೂ ಬೇಡ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಕ್ಸಿಕೋದ ಬಸ್ಸು ಹತ್ತಿದ್ದ. ತಪ್ಪು ಅವನದಲ್ಲ ಎಂದೇ ಅವಳು ಹೇಳುತ್ತಿದ್ದಳು. ಊಟ ಆರಿಹೋಗಿರುತ್ತಿದ್ದದ್ದು ನಿಜ.

ಮೂರು ಕಡೆಯೂ ಸಭೆ ಚಿಗುರಿ, ಐವತ್ತು ದಾಟಿ, ಒಬ್ಬೊಬ್ಬ ಯುವಕ ಹೊಸ ಸೂಟು ತೊಟ್ಟು ಬಂದು ಕೀಲಿಕೈ ಈಸಿಕೊಂಡ. ಜನ ಅತ್ತರು, ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆಗಳನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ದಾರಿಗೆ ಕಟ್ಟಿಕೊಟ್ಟರು, ಬಸ್ಸು ಹೊರಡುವವರೆಗೂ ಕೈ ಬೀಸಿದರು. ಮರುವಾರ ಹೊಸ ಪಾಸ್ಟರಿಗೆ ಹುಟ್ಟುಹಬ್ಬ ಮಾಡಿದರು. ನೆಟ್ಟವರು ಒಬ್ಬರು, ನೆರಳಲ್ಲಿ ಕೂತವರು ಒಬ್ಬರು. ಮರ ಮಾತ್ರ ಯಾವತ್ತೂ ಕೇಳಲಿಲ್ಲ, ನೆಟ್ಟವಳು ಎಲ್ಲಿ ಎಂದು.

ನಾಲ್ಕನೆಯದು ತ್ರೆಸ್ ಪಾಲ್ಮಾಸ್. ಹೆಸರಿಗೆ ಮೂರು ತಾಳೆಮರದ ಊರು, ಇದ್ದದ್ದು ಒಂದು ಪೆಟ್ರೋಲು ಬಂಕು, ಮುಚ್ಚಿದ ಟೈರ್ ಅಂಗಡಿ, ಕಿತ್ತಳೆ ತೋಟಗಳ ನಡುವೆ ಸಾಲಾಗಿ ನಿಂತ ತಗಡಿನ ಟ್ರೇಲರ್ ಮನೆಗಳು. ಅಂಪಾರೋ ಅಲ್ಲಿಗೆ ಬಂದಾಗ ಐವತ್ತೈದು ದಾಟಿತ್ತು. ಚಿಕ್ಕಂದಿನಲ್ಲಿ ಗಿಡ್ಡ ಹಿಡಿಯ ಗುದ್ದಲಿಯಲ್ಲಿ ಬಗ್ಗಿ ಬಗ್ಗಿ ಕಳೆ ತೆಗೆದ ಬೆನ್ನು ಈಗ ನೆಟ್ಟಗಾಗಲು ಒಪ್ಪುತ್ತಿರಲಿಲ್ಲ. ಟೈರ್ ಅಂಗಡಿಯನ್ನು ತೊಳೆದು, ಮಡಚುವ ಕುರ್ಚಿ ಹಾಕಿ, ವೇದಿಕೆಗೆ ಒಂದು ಹಳೇ ಮೇಜು ಇಟ್ಟಳು. ಆರು ವರ್ಷ ಕಳೆದರೂ ಬಿಸಿಲೇರಿದರೆ ಗೋಡೆಯಿಂದ ರಬ್ಬರಿನ ವಾಸನೆ ಬರುತ್ತಿತ್ತು. ಪವಿತ್ರಾತ್ಮನಿಗೆ ಅಭ್ಯಾಸವಾಗಿರಬೇಕು ಎನ್ನುತ್ತಿದ್ದಳು.

ಆ ಊರಿನ ಕೊರಗು ನೀರು. ತೋಟಗಳಿಗೆ ಸುರಿದ ಗೊಬ್ಬರವೆಲ್ಲ ವರ್ಷವರ್ಷಕ್ಕೂ ಇಳಿದು ಕೊಳವೆಬಾವಿ ಸೇರಿತ್ತು. ನೋಡಲು ತಿಳಿ, ಕುಡಿಯಲು ತಂಪು, ಒಳಗೆ ವಿಷ. ಯೆಸೇನಿಯಾ ಎಂಬ ಎಳೇ ಹೆಂಗಸು ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಚೊಚ್ಚಲ ಮಗುವಿಗೆ ಕುಡಿಸಿದಳು. ಮಗುವಿನ ತುಟಿ, ಉಗುರು ನೀಲಿಗಟ್ಟಿದವು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಮೊಣಕೈಯಷ್ಟುದ್ದದ ಆ ಪೆಟ್ಟಿಗೆಯನ್ನು ಅಂಪಾರೋ ತಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದಳು. ಅಂದಿನಿಂದ ಪಕ್ಕದ ಪಟ್ಟಣದ ನೀರಿನ ಮಂಡಳಿಯ ಬಾಗಿಲು ಕಾಯತೊಡಗಿದಳು. ಅವರು ಪಟ್ಟಣದಿಂದ ಕೊಳವೆ ಎಳೆಯಲು ಕೊನೆಗೂ ಒಪ್ಪಿದರು. ಆದರೆ ಊರಿನ ಪರವಾಗಿ ರುಜು ಹಾಕಲು ನೋಂದಾಯಿತ ಸಂಸ್ಥೆ ಬೇಕು ಎಂದರು. ತ್ರೆಸ್ ಪಾಲ್ಮಾಸಿಗೆ ಪುರಸಭೆ ಇಲ್ಲ, ಪಂಚಾಯಿತಿ ಇಲ್ಲ. ಇದ್ದ ಒಂದೇ ಸಂಸ್ಥೆ ಟೈರ್ ಅಂಗಡಿಯ ಸಭೆ. ಅದು ಮಿಷನ್ ಆದರೆ ನಡೆಯದು, ಚರ್ಚು ಆಗಿರಬೇಕು. ಈ ವಸಂತದೊಳಗೆ ಆಗದಿದ್ದರೆ ಕೊಳವೆ ಇನ್ನೊಂದು ಊರಿಗೆ.

ಲೆಕ್ಕ ಸರಳವಾಗಿತ್ತು. ಐವತ್ತು ತಲೆ ಎಣಿಸಿದರೆ ನೀರು ಬರುತ್ತದೆ, ಅಂಪಾರೋ ಹೋಗುತ್ತಾಳೆ. ಎಣಿಸದಿದ್ದರೆ ಅಂಪಾರೋ ಇರುತ್ತಾಳೆ, ನೀರು ಬರುವುದಿಲ್ಲ. ಸಭೆಯಲ್ಲಿ ಆಗಲೇ ಎಪ್ಪತ್ತರ ಹತ್ತಿರ ಜನರಿದ್ದರು. ಅಂಪಾರೋ ಯಾರಿಗೂ ಏನೂ ಹೇಳಿರಲಿಲ್ಲ. ಆದರೆ ಸಾನ್ ಎಲಾದಿಯೋದ ನೆಂಟರಿಂದ ಊರಿಗೆಲ್ಲ ನಿಯಮ ತಿಳಿದಿತ್ತು.

ಜನವರಿಯ ಭಾನುವಾರ ಜಿಲ್ಲೆಯ ಹಿರಿಯರು ಎಣಿಕೆಗೆ ಬರುವವರಿದ್ದರು. ಕಣಿವೆಯಲ್ಲಿ ಅದು ಮಂಜಿನ ಕಾಲ. ನೆಲದಿಂದೇಳುವ ಆ ಮಂಜಿನಲ್ಲಿ ಚಾಚಿದ ಕೈಯ ಬೆರಳು ಕಾಣುವುದಿಲ್ಲ. ರೆವರೆಂಡ್ ಅಬುಂದಿಯೋ ಸೋತೊಮಯೋರ್ ತಮ್ಮ ಉದ್ದನೆಯ ಕಾರನ್ನು ಆಮೆಯಂತೆ ತೆವಳಿಸಿಕೊಂಡು ಬಂದು ಟೈರ್ ಅಂಗಡಿಯ ಮುಂದೆ ಇಳಿದರು. ಇಳಿಯುವ ಮೊದಲು ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡರು. ಅವರ ಸುಗಂಧ ಅವರಿಗಿಂತ ಎರಡು ಹೆಜ್ಜೆ ಮುಂದೆ ಬಂತು. ದನಿ ಮಾತ್ರ ಒಳ್ಳೆಯದು. “ಸ್ವಲ್ಪ ಉಪ್ಪು ಕೊಡಿ” ಎಂದರೂ ಆಶೀರ್ವಾದ ಮಾಡಿದಂತೆ ಕೇಳಿಸುತ್ತಿತ್ತು. ಇದೇ ಅಬುಂದಿಯೋ ಮೂವತ್ತು ವರ್ಷದ ಹಿಂದೆ ಅಲ್ಕಾಂತೆಯಲ್ಲಿ ಅಂಪಾರೋಳಿಂದ ಕೀಲಿಕೈ ತೆಗೆದುಕೊಂಡ ಮೊದಲ ಯುವಕ. ಹೆಣದ ಕಣ್ಣು ಮುಚ್ಚುವುದನ್ನು ಅವನಿಗೆ ಕಲಿಸಿಕೊಟ್ಟವಳು ಅವಳೇ.

ಬಾಗಿಲಲ್ಲಿ ದೋನ್ ಚೋನ್ ನಿಂತಿದ್ದ. ದೋನ್ ಚೋನ್ ಸಭೆಯ ದ್ವಾರಪಾಲಕ. ಕೈಗೆ ಬಿಳೀ ಗವಸು, ಎದೆಗೆ ಪಟ್ಟಿ. ಯಾರು ಎಲ್ಲಿ ಕೂರಬೇಕೆಂದು ಕೈ ಚಾಚಿ ತೋರಿಸುವಾಗ, ಕೆಂಪು ಸಮುದ್ರ ಇಬ್ಭಾಗವಾದದ್ದು ತನ್ನ ಸನ್ನೆಗೇ ಎಂಬ ಠೀವಿ.

ಅವತ್ತು ಚೋನ್ ಕೈ ಚಾಚುವುದಕ್ಕೆ ಯಾರೂ ಇರಲಿಲ್ಲ. ಕುರ್ಚಿಗಳೆಲ್ಲ ಖಾಲಿ. ಮುಂದೆ ಕುರುಡು ತಿರ್ಸೋ ಗಿಟಾರ್ ಶ್ರುತಿ ಮಾಡುತ್ತ ಕೂತಿದ್ದ. ಒಂದು ಮೂಲೆಯಲ್ಲಿ ದಾರಿ ತಪ್ಪಿ ಒಳಗೆ ಬಂದ ಲಾರಿ ಚಾಲಕನೊಬ್ಬ ಕಾಫಿ ಕುಡಿಯುತ್ತಿದ್ದ.

“ಚೋನ್ ಅಣ್ಣ, ಎಲ್ಲಿ ಜನ?” ಅಂಪಾರೋ ಪಿಸುಗುಟ್ಟಿದಳು.

“ಮಂಜು ಅಕ್ಕ, ಮಂಜು,” ಅಂದ ಚೋನ್, ಮೇಲೆ ನೋಡುತ್ತ. “ಕಾಲಿಗೆ ದಾರಿ ಕಾಣಬೇಕಲ್ಲ.”

“ಎದುರು ಮನೆ ಮಾಕ್ರಿನಾಗೂ ಕಾಣಲ್ವಾ? ನಿನ್ನ ಹೆಂಡತಿ!”

“ಅವಳಿಗೆ ಮೊಣಕಾಲು.”

“ನಿನ್ನೆ ಅದೇ ಮೊಣಕಾಲಲ್ಲಿ ನಾಯಿ ಅಟ್ಟಿಸ್ಕೊಂಡು ಹೋಗ್ತಿದ್ಳು.”

“ಅದಕ್ಕೇ ನೋವು,” ಎಂದ ಚೋನ್.

ತಿರ್ಸೋ ಹಾಡು ಎತ್ತಿಕೊಂಡ. ಅಬುಂದಿಯೋ ಖಾಲಿ ಕುರ್ಚಿಗಳಿಗೆ ಮುಕ್ಕಾಲು ಗಂಟೆ ಉಪದೇಶ ಕೊಟ್ಟರು. ಕುರ್ಚಿಗಳು ಶಿಸ್ತಾಗಿ ಕೇಳಿಸಿಕೊಂಡವು. ಅಂಪಾರೋ ಪಕ್ಕದಲ್ಲಿ ಕೂತು ತನ್ನ ಎರಡೂ ಕೈಗಳನ್ನು ನೋಡುತ್ತಿದ್ದಳು. ಆರು ವರ್ಷ. ಒಬ್ಬೊಬ್ಬರ ಹೆರಿಗೆ, ಒಬ್ಬೊಬ್ಬರ ಜೈಲು, ಒಬ್ಬೊಬ್ಬರ ಸಾವು. ಇವತ್ತು ಒಂದು ದಿನ ಬನ್ನಿ ಎಂದರೆ ಬರಲಿಲ್ಲವಲ್ಲ. ಸಭೆಯಲ್ಲಿ ಏನೋ ತಪ್ಪು ಮಾತಾಡಿದೆನೇ? ಕಳೆದ ವಾರ ಕುಡಿತದ ವಿಷಯ ಸ್ವಲ್ಪ ಜಾಸ್ತಿ ಎಳೆದೆನೇ? ಯಾರನ್ನಾದರೂ ನೋಯಿಸಿದೆನೇ? ಹೀಗೇ ಹುಡುಕುತ್ತ ಹುಡುಕುತ್ತ, ತನ್ನಲ್ಲಿ ಇಲ್ಲದ ತಪ್ಪುಗಳೂ ಅವಳಿಗೆ ಸಿಕ್ಕವು.

ಆರಾಧನೆ ಮುಗಿದು ಅವಳ ಟ್ರೇಲರಿನಲ್ಲಿ ಊಟಕ್ಕೆ ಕೂತರು. ಐವತ್ತು ಜನಕ್ಕೆ ಆಗುವಷ್ಟು ಕೋಳಿ ಸಾರು ಮಾಡಿದ್ದಳು. ಅಬುಂದಿಯೋ ಮೂರನೆಯ ಬಟ್ಟಲಿಗೆ ತೊರ್ತಿಯಾ ರೊಟ್ಟಿ ಮುರಿದು ಅದ್ದಿಕೊಂಡು, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಳೇ ಸಲಿಗೆಗೆ ಇಳಿದರು.

“ಅಕ್ಕ, ಬೇಜಾರು ಮಾಡ್ಕೋಬೇಡಿ. ಮಂಜಿನ ನೆಪ ಇದೆಯಲ್ಲ. ನಾನು ಮಿಷನ್ ಅಂತಲೇ ಬರೀತೀನಿ. ಇನ್ನೊಂದೆರಡು ವರ್ಷ ನೀವೇ ಇರಿ. ಮುಚ್ಚಿಸೋದಿಲ್ಲ, ನಾನಿದ್ದೀನಿ.”

“ನೀರಿನ ಮಂಡಳಿಗೆ ಏನು ಹೇಳ್ಲಿ ಅಬುಂದಿಯೋ?”

“ನೀರು!” ಅಬುಂದಿಯೋ ಬಾಯೊರೆಸಿಕೊಂಡರು. “ಜೀವಜಲ ಅಂದ್ರೆ ಸುವಾರ್ತೆ ಅಕ್ಕ. ಅದನ್ನ ನೀವು ಕೊಡ್ತಾನೇ ಇದ್ದೀರಿ.”

“ಅದರಲ್ಲಿ ಹಾಲಿನ ಪುಡಿ ಕಲಸೋಕೆ ಆಗಲ್ಲಪ್ಪ.”

ಅಬುಂದಿಯೋಗೆ ನಗು ಬಂತು, ನಕ್ಕು ನಾಚಿಕೆಯೂ ಆಯಿತು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕಥೆ ಹೇಳುವುದು ಸುಲಭವಾಗುತ್ತಿತ್ತು. “ಸ್ವಲ್ಪ ಒರಗ್ತೀನಿ. ಮಂಜು ಕರಗಿದ ಮೇಲೆ ಹೊರಡ್ತೀನಿ,” ಎಂದು ಕೋಟು ಬಿಚ್ಚಿ ಸೋಫಾದ ಮೇಲೆ ಉದ್ದಕ್ಕಾದರು.

ಅಂಪಾರೋ ಮಂಜಿನೊಳಗೆ ಕೈಯಾಡಿಸುತ್ತ ಚೋನನ ಮನೆಗೆ ಹೋದಳು. ಒಳಗೆ ದೀಪ ಆರಿತ್ತು, ಟಿವಿ ಸದ್ದಿರಲಿಲ್ಲ. ಕದ ತಟ್ಟಿದರೆ ಯಾರೋ ಬಟ್ಟಲು ಬೀಳಿಸಿದ ಶಬ್ದ, ಆಮೇಲೆ “ಶ್ಶ್!” ಎಂಬ ಶಬ್ದ.

“ಮಾಕ್ರಿನಾ, ಬಾಗಿಲು ತೆಗಿ. ನಿನ್ನ ಮೊಣಕಾಲು ಮಾತಾಡೋದು ಕೇಳಿಸ್ತಿದೆ.”

ಬಾಗಿಲು ತೆರೆಯಿತು. ಮಾಕ್ರಿನಾಳ ಹಿಂದೆ, ಆ ಇಕ್ಕಟ್ಟಿನಲ್ಲಿ, ಭಾನುವಾರದ ಉಡುಪಿನಲ್ಲಿ ಹದಿನೈದು ಜನ ನಿಂತಿದ್ದರು. ತಲೆ ಬಾಚಿ, ಬೈಬಲ್ ಕಂಕುಳಲ್ಲಿಟ್ಟುಕೊಂಡು, ಸಭೆಗೆ ಹೊರಟವರಂತೆಯೇ.

“ಏನ್ರೇ ಇದು?”

ಮಾಕ್ರಿನಾ ಸೊಂಟಕ್ಕೆ ಕೈ ಕೊಟ್ಟಳು. “ಬೈಯೋದಾದ್ರೆ ನನ್ನ ಗಂಡನ್ನ ಬೈ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಅವನೇ ಯೋಜನೆ ಹಾಕಿದ್ದು. ಮೂವತ್ತು ಜನ ಹೋಗೋದು, ಉಳಿದವರು ಮನೇಲಿರೋದು, ಎಣಿಕೆ ಐವತ್ತು ಮುಟ್ಟಬಾರದು ಅಂತ. ಆ ಮೂವತ್ತು ಯಾರು ಅಂತ ಕೇಳಿದ್ರೆ ಒಬ್ಬರೂ ಒಪ್ಪಲಿಲ್ಲ. ‘ಐವತ್ತನೇ ತಲೆ ನನ್ನದಾಗಿಬಿಟ್ರೆ? ಅಕ್ಕನ್ನ ಕಳಿಸಿದ ಪಾಪ ನನಗ್ಯಾಕೆ?’ ಅಂತ ಎಲ್ಲರೂ ಮನೆಯಲ್ಲೇ ಕೂತ್ರು. ಆ ತಿರ್ಸೋಗೆ ಮಾತ್ರ ಹೇಳಿರಲಿಲ್ಲ, ಅವನ ಬಾಯಲ್ಲಿ ಗುಟ್ಟು ನಿಲ್ಲಲ್ಲ.”

“ನೀರು?” ಎಂದಳು ಅಂಪಾರೋ.

“ನೀರು ಪಟ್ಟಣದಿಂದ ಹೊತ್ತು ತರ್ತೀವಿ. ಇಷ್ಟು ದಿನ ತಂದಿಲ್ವಾ? ನಿನ್ನನ್ನ ಎಲ್ಲಿಂದ ಹೊತ್ತು ತರೋದು?”

ಅಂಪಾರೋ ಹೊಸ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳಿಗೆ ಮೊದಲು ಬಂದದ್ದು ಕೋಪವಲ್ಲ, ಸಂತೋಷ. ಎಂಥ ಸಂತೋಷವೆಂದರೆ, ಎದೆಯ ಗೂಡೊಳಗೆ ಹಕ್ಕಿ ರೆಕ್ಕೆ ಬಡಿದಂತಾಯಿತು. ಮೂರೂರ ಜನ ತಮಾಲೆ ಕಟ್ಟಿಕೊಟ್ಟು ಕಳಿಸಿದ್ದರು. ಇವರು ಕಳಿಸುವುದಿಲ್ಲ ಎಂದು ಅಡಗಿ ಕೂತಿದ್ದರು. ಒಂದು ಕ್ಷಣ ಅವಳ ಕಣ್ಣ ಮುಂದೆ ಇನ್ನೆರಡು ವರ್ಷ ಹಾಸಿಕೊಂಡಿತು: ತನ್ನದೇ ಮೇಜು, ತನ್ನದೇ ಜನ, ಮುಂದಿನ ಕ್ರಿಸ್ಮಸ್ಸಿಗೂ ಇದೇ ಮನೆ. ಅಬುಂದಿಯೋ ತಾನೇ ಹೇಳಿಲ್ಲವೇ, ಇರಿ ಎಂದು? ಸುಳ್ಳಾಡಬೇಕಾಗಿಯೂ ಇಲ್ಲ, ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಾರದ ವಿದ್ಯೆ. ಅವತ್ತು ಒಂದು ಸಲ ಕಲಿತುಬಿಡೋಣ ಅನ್ನಿಸಿತು.

“ಹೋಗ್ಲಿ ಬಿಡ್ರೇ,” ಎಂದು ಕಣ್ಣೊರೆಸಿಕೊಂಡು ಎದ್ದಳು. “ಸಾರು ಹಂಡೆ ತುಂಬ ಇದೆ, ಸಂಜೆ ಬನ್ನಿ.”

ಮನೆಗೆ ಹಿಂತಿರುಗುವ ದಾರಿಯಲ್ಲಿ ಯೆಸೇನಿಯಾಳ ಟ್ರೇಲರ್. ಮಂಜಿನಲ್ಲಿ ಮನೆ ಕಾಣಲಿಲ್ಲ, ನೀರಿನ ಸದ್ದು ಕೇಳಿಸಿತು. ಏಳು ತಿಂಗಳ ಬಸುರಿ ಹೊರಗಿನ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟುಕೊಂಡು ನಿಂತಿದ್ದಳು.

“ಪಾತ್ರೆ ತೊಳೆಯೋಕೆ ಅಕ್ಕ,” ಎಂದಳು ಅಂಪಾರೋಳನ್ನು ಕಂಡ ಕೂಡಲೇ, ಕೇಳುವ ಮೊದಲೇ. “ಕುಡಿಯೋಕಲ್ಲ. ಕುಡಿಯೋಕೆ ಡಬ್ಬದ್ದು ತರ್ತಾರೆ ಇವರು.”

“ಇವತ್ತು ತಂದಿದ್ದಾರಾ?”

“ಮಂಜಲ್ವಾ. ನಾಳೆ ತರ್ತಾರೆ.”

“ಮತ್ತೆ ಇವತ್ತು?”

ಯೆಸೇನಿಯಾ ಬಕೆಟ್ಟು ನೋಡಿದಳು. “ಕುದಿಸ್ತೀನಿ ಅಕ್ಕ.”

ಕುದಿಸಿದರೆ ಈ ವಿಷ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ ಎಂದು ಅಂಪಾರೋ ಅದೇ ನಲ್ಲಿಯ ಮುಂದೆ ನಿಂತು ಹತ್ತು ಸಲವಾದರೂ ಹೇಳಿದ್ದಳು. ಮತ್ತೆ ಹೇಳಲಿಲ್ಲ. “ನೀನೂ ಯಾಕೆ ಬರಲಿಲ್ಲ ಮಗಳೇ?” ಎಂದಳು. “ಈ ಕೊಳವೆ ನಿನಗೋಸ್ಕರ ಅಲ್ವಾ?”

“ನನ್ನ ಮಗೂನ ನೀವು ಎತ್ಕೊಂಡು ಹೋದ್ರಿ,” ಎಂದಳು ಯೆಸೇನಿಯಾ. “ಅದರಪ್ಪನ ಕೈಲಿ ಆಗಲಿಲ್ಲ. ನೀವು ಹೋದ್ರೆ ಮುಂದೆ ಏನಾದ್ರೂ ಆದ್ರೆ ಯಾರು ಎತ್ತೋರು?”

ಅಂಪಾರೋ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಬಕೆಟ್ಟಿನ ನೀರನ್ನು ನೆಲಕ್ಕೆ ಚೆಲ್ಲಿದಳು.

“ನಾನು ಇನ್ನೊಂದು ಎತ್ತಲ್ಲ,” ಎಂದಳು. “ಬಟ್ಟೆ ಹಾಕ್ಕೊ. ಸಭೆಗೆ ಹೋಗೋಣ.”

ಆಮೇಲೆ ನಡೆದದ್ದನ್ನು ತ್ರೆಸ್ ಪಾಲ್ಮಾಸಿನವರು ಈಗಲೂ ನಗುತ್ತಲೇ ಶುರುಮಾಡಿ, ನಗದೆ ಮುಗಿಸುತ್ತಾರೆ. ಗೂನು ಬೆನ್ನಿನ ಮುದುಕಿಯೊಬ್ಬಳು ಮಂಜಿನಲ್ಲಿ ಮನೆ ಮನೆ ಬಾಗಿಲು ಗುದ್ದಿದಳು. ಒಬ್ಬ ಟ್ರಕ್ಕಿನ ಕೆಳಗೆ ರಿಪೇರಿ ಮಾಡುವವನಂತೆ ಮಲಗಿದ್ದ. ಅವಳು ಅವನ ಕಾಲು ಹಿಡಿದೆಳೆದಳು. ಒಬ್ಬಳು ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ನರಳಿದಳು. “ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ತೀನಿ ತಡಿ” ಎಂದ ಕೂಡಲೇ ಜ್ವರ ಬಿಟ್ಟಿತು. ಚೋನ್ ಮಾತ್ರ ಟೈರ್ ಅಂಗಡಿಯ ಬಾಗಿಲಿಗೆ ಅಡ್ಡ ನಿಂತ, ಬಿಳೀ ಗವಸಿನ ಕೈ ಅಗಲಿಸಿ.

“ಜಾಗ ಇಲ್ಲ ಅಕ್ಕ. ಒಳಗೆ ತುಂಬಿದೆ.”

“ಒಳಗೆ ತಿರ್ಸೋ ಒಬ್ಬನೇ ಇದ್ದಾನೆ ಅಣ್ಣ.”

“ಅವನು ದಪ್ಪ.”

“ಚೋನ್ ಅಣ್ಣ.”

“ನಾನು ಬಾಗಿಲು ಕಾಯೋನು,” ಎಂದ ಚೋನ್. “ಆರು ವರ್ಷ ಇವರನ್ನೆಲ್ಲ ಒಳಗೆ ಬಿಟ್ಟೆ. ನಿಮ್ಮನ್ನ ಹೊರಗೆ ಬಿಡೋ ಕೆಲಸ ನನಗೆ ಬೇಡ.”

ಅಂಪಾರೋ ಅವನ ಗವಸಿನ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು, ಕಿಟಕಿಯ ಪರದೆ ಸರಿಸಿದಷ್ಟು ಮೆಲ್ಲಗೆ. ಜನ ಒಳಗೆ ನಡೆದರು. ಕೆಲವರು ಮನೆಯ ಚಪ್ಪಲಿಯಲ್ಲೇ ಬಂದಿದ್ದರು.

ನಿದ್ದೆಯಿಂದೆದ್ದು ಬಂದ ಅಬುಂದಿಯೋ ತುಂಬಿದ ಸಭೆ ನೋಡಿ ಬಾಗಿಲಲ್ಲೇ ಕೈ ಜೋಡಿಸಿ ನಿಂತರು. ಊಟಕ್ಕೆ ಮೊದಲು, ಈ ಸಭೆ ತುಂಬಲಿ ಎಂದು ತಾವು ಮಾಡಿದ ಪ್ರಾರ್ಥನೆ ಅವರಿಗೆ ನೆನಪಾಯಿತು. ಅದು ಇಷ್ಟು ಬೇಗ ಫಲಿಸುತ್ತದೆಂದು ಅವರೂ ಎಣಿಸಿರಲಿಲ್ಲ. ಅಂಪಾರೋ ವೇದಿಕೆ ಹತ್ತಿ, “ದೀಕ್ಷಾಸ್ನಾನ ಆದವರೆಲ್ಲ ಕೈ ಎತ್ತಿ,” ಎಂದಳು. ಒಂದೂ ಕೈ ಏಳಲಿಲ್ಲ.

“ನಿಮಗೆಲ್ಲ ಸ್ನಾನ ಮಾಡಿಸಿದವಳು ನಾನು,” ಎಂದಳು. “ಒಬ್ಬೊಬ್ಬರನ್ನೂ ಮುಳುಗಿಸಿದ್ದೀನಿ. ಚೋನ್ ಅಣ್ಣ ಮೂಗು ಹಿಡ್ಕೊಳ್ಳೋದು ಮರೆತು ಕೆಮ್ಮಿದ್ದೂ ನೆನಪಿದೆ. ನೀವು ಕೈ ಎತ್ತದಿದ್ರೆ ನಾನು ಮಾಡಿದ್ದೆಲ್ಲ ಸುಳ್ಳು ಅಂದ ಹಾಗೆ. ಎತ್ತಿ.”

ಮೊದಲು ಯೆಸೇನಿಯಾ ಎತ್ತಿದಳು, ಇನ್ನೊಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು. ಆಮೇಲೆ ಮಾಕ್ರಿನಾ, ಗಂಡನ ಕೈಯನ್ನೂ ಹಿಡಿದೆತ್ತುತ್ತ. ಆಮೇಲೆ ಉಳಿದವರು. ಎತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡವರೂ ಇದ್ದರು, ಅದರಿಂದ ಎಣಿಸುವುದು ಸ್ವಲ್ಪ ತಡವಾಯಿತು. ಅಬುಂದಿಯೋ ಬೆರಳು ಮಡಿಸುತ್ತ ಐವತ್ತು ದಾಟಿದ ಕೂಡಲೇ “ದೇವರಿಗೆ ಸ್ತೋತ್ರ!” ಎಂದು ಕೂಗಿದರು. ಅಂಪಾರೋ ಒಬ್ಬಳೇ “ಆಮೆನ್” ಎಂದಳು.

ಆ ವರ್ಷದ ಮಹಾಸಮ್ಮೇಳನದಲ್ಲಿ ರೆವರೆಂಡ್ ಸೋತೊಮಯೋರ್ ಇದನ್ನು ಸಾಕ್ಷಿಯಾಗಿ ಹೇಳಿದರು: ಬೆಳಿಗ್ಗೆ ಖಾಲಿ ಸಭೆ, ಮಧ್ಯಾಹ್ನ ನನ್ನ ಪ್ರಾರ್ಥನೆ, ಸಂಜೆ ಉಕ್ಕಿದ ಜನಸ್ತೋಮ. ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಂಪಾರೋ ಕೂಡ ತಟ್ಟಿದಳು. ಕಥೆ ಚೆನ್ನಾಗಿತ್ತು ಎಂದಳು, ಕೇಳಿದವರಿಗೆ.

ಕೀಲಿಕೈ ಕೊಟ್ಟದ್ದು ಮಾರ್ಚಿನಲ್ಲಿ, ಕಿತ್ತಳೆ ಹೂ ಬಿಡುವಾಗ. ಹೊಸ ಪಾಸ್ಟರ್ ಒಳ್ಳೆಯ ಹುಡುಗ. ಬೋಧನೆಗೆ ಮುನ್ನ ಗಂಟಲು ಸರಿಮಾಡಿಕೊಳ್ಳುವಾಗ ಪಾಪ ಅನ್ನಿಸುವಷ್ಟು ಒಳ್ಳೆಯವನು. ನೀರಿನ ಮಂಡಳಿಗೆ ರುಜು ಹಾಕಿದವನೂ ಅವನೇ. ಅಂಪಾರೋಗೆ ಐದನೆಯ ಊರು ಸಿಗಲಿಲ್ಲ. ಜಿಲ್ಲೆಯ ಹಿರಿಯರು ವಯಸ್ಸು ನೋಡಿ, ಬೆನ್ನು ನೋಡಿ, ಒಂದು ಚೌಕಟ್ಟು ಹಾಕಿದ ಪ್ರಶಂಸಾಪತ್ರ ಕೊಟ್ಟು “ವಿಶ್ರಾಂತಿ ತೆಗೆದುಕೊಳ್ಳಿ ಸಹೋದರಿ” ಎಂದರು. ಅವಳು ನೂರು ಮೈಲಿಯಾಚೆ ತಂಗಿಯ ಮಗಳ ಮನೆ ಸೇರಿದಳು. ಅಲ್ಲಿಯ ಚರ್ಚು ದೊಡ್ಡದು, ತಂಪಾಗಿಸುವ ಯಂತ್ರವಿತ್ತು. ಮೊದಲ ಭಾನುವಾರ ಬಾಗಿಲಲ್ಲಿ ನಿಂತ ಹುಡುಗಿ ನಗುತ್ತ, “ಅಜ್ಜಿ, ಇದೇ ಮೊದಲ ಸಲಾನಾ ಚರ್ಚಿಗೆ ಬರೋದು?” ಎಂದು ಕೇಳಿದಳು. ಅಂಪಾರೋ ಏನೆಂದು ಹೇಳಲಿ? “ಹೌದಮ್ಮ,” ಎಂದಳು. ಹುಡುಗಿಗೆ ಸಂತೋಷವಾಗಲೆಂದು.

ತ್ರೆಸ್ ಪಾಲ್ಮಾಸಿನವರು ಅವಳಿಗೆ ಫೋನು ಮಾಡುವುದು ಕಡಿಮೆಯಾಯಿತು. ಹೊಸ ಪಾಸ್ಟರಿಗೆ ಬೇಸರವಾಗಬಾರದಲ್ಲ. ಯೆಸೇನಿಯಾಗೆ ಹೆಣ್ಣುಮಗು ಹುಟ್ಟಿತು, ಬದುಕಿತು, ಡಬ್ಬದ ನೀರಿನಲ್ಲೇ ಹಲ್ಲೂ ಬಂತು. ಅದಾಗಿ ಎಷ್ಟೋ ತಿಂಗಳ ಮೇಲೆ ಒಂದು ಸಂಜೆ ಫೋನು ಬಂತು.

“ಅಕ್ಕ, ಚೋನ್. ನೀರು ಬಂತು.”

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. “ಯಾವಾಗ?”

“ಬೆಳಿಗ್ಗೆ. ಸೋತೊಮಯೋರ್ ಬಂದಿದ್ರು, ಮಂಡಳಿಯವರು ಬಂದಿದ್ರು. ಕಲ್ಲು ನೆಟ್ಟರು. ಹೆಸರೆಲ್ಲ ಕೆತ್ತಿಸಿದ್ದಾರೆ. ನಿಮ್ಮದು…” ಚೋನ್ ಕೆಮ್ಮಿದ. “ಕಲ್ಲು ಚಿಕ್ಕದು ಅಕ್ಕ.”

“ಕಲ್ಲಿಗೆ ಬೆಂಕಿ ಬಿತ್ತು. ನೀರು ಹೇಗಿದೆ? ಮೊದಲು ಯಾರು ಕುಡಿದ್ರು?”

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

“ಅಣ್ಣ?”

“ಯಾರೂ ಕುಡೀಲಿಲ್ಲ ಅಕ್ಕ. ಪಾಸ್ಟರ್ ಲೋಟ ತುಂಬಿ ಕೊಟ್ರು. ಎಲ್ಲರೂ ಈಸ್ಕೊಂಡ್ರು, ಹೊರಗೆ ಹೋಗಿ ಚೆಲ್ಲಿದ್ರು. ಇದೂ ತಿಳಿಯಾಗೇ ಇದೆ, ಅದೂ ತಿಳಿಯಾಗೇ ಇತ್ತಲ್ಲ, ಹೇಗೆ ನಂಬೋದು ಅಂತಾರೆ. ಯೆಸೇನಿಯಾ ಇನ್ನೂ ಡಬ್ಬದ್ದೇ ತರಿಸ್ತಾಳೆ. ಅಕ್ಕ ಬಂದು ಕುಡಿದು ತೋರಿಸಲಿ, ಆಗ ನಾವೂ ಕುಡೀತೀವಿ ಅಂತ ಮಾಕ್ರಿನಾ. ಪಾಸ್ಟರನ್ನ ಕೇಳ್ದೆ. ಹಿರಿಯರನ್ನ ಕೇಳಿ ಹೇಳ್ತೀನಿ ಅಂದ್ರು. ಹಿರಿಯರು, ಇದು ಸರಿಯಾದ ಸಮಯ ಅಲ್ಲ ಅಂದ್ರಂತೆ.”

ಕಿಟಕಿಯಾಚೆ ತಂಗಿಯ ಮಗಳ ಮಕ್ಕಳು ಕೊಳವೆ ಹಿಡಿದು ಒಬ್ಬರಿಗೊಬ್ಬರು ನೀರೆರಚಿ ಕೂಗಾಡುತ್ತಿದ್ದರು.

“ಚೋನ್ ಅಣ್ಣ, ಈಗ ಎಲ್ಲಿದ್ದೀಯ?”

“ಅಡುಗೆಮನೇಲಿ.”

“ಯಾರಿದ್ದಾರೆ?”

“ಮಾಕ್ರಿನಾ ಇದ್ದಾಳೆ. ಇನ್ನೂ ನಾಲ್ಕಾರು ಜನ, ನಿಮ್ಮ ಫೋನು ಅಂತ.”

“ಒಂದು ಲೋಟ ಹಿಡಿ. ಕುಡಿ.”

“ನಾನಾ?”

“ನೀನೇ. ನಾನಿಲ್ಲಿ ಕೇಳಿಸ್ಕೋತೀನಿ.”

ನಲ್ಲಿ ತಿರುಗಿದ ಸದ್ದು ಬಂತು. ಯಾರೋ “ಬೇಡ ಕಣೋ” ಎಂದರು, ಮಾಕ್ರಿನಾ ಇರಬೇಕು. ಆಮೇಲೆ ಗಂಟಲ ಸದ್ದು, ಗುಟುಕು ಗುಟುಕಾಗಿ, ತುಂಬ ನಿಧಾನವಾಗಿ, ಔಷಧಿ ಕುಡಿಯುವವನ ಹಾಗೆ. ಲೋಟ ಮೇಜಿನ ಮೇಲೆ ಕುಕ್ಕಿದ್ದು ಕೇಳಿಸಿತು.

“ಹೇಗಿದೆ?”

“ಏನೂ ರುಚಿ ಇಲ್ಲ ಅಕ್ಕ,” ಎಂದ ಚೋನ್. ಅವನು ಅಳುತ್ತಿದ್ದ. “ಏನೇನೂ ರುಚಿ ಇಲ್ಲ.”

“ಹಾಗಾದ್ರೆ ಒಳ್ಳೇ ನೀರು,” ಎಂದಳು ಅಂಪಾರೋ. “ಯೆಸೇನಿಯಾನ ಕರಿ. ಮಗೂನೂ ಎತ್ಕೊಂಡು ಬರ್ಲಿ. ನಾನು ಫೋನು ಇಡಲ್ಲ.”